ತೆಳ್ಳಗಿರುವ ಜಾತಿ

ಅಪ್ಪ ನಾಯಿ ತಂದ ದಿನ ನಮ್ಮ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಬೇಕೆಂದರೆ ಮೊದಲು ಬಾಯಿಂದ ಮಾತು ಹೊರಡಬೇಕಲ್ಲ. ಹತ್ತಿ ನೋಡಿಕೊಂಡು ಬರುತ್ತೇನೆಂದು ರಾಮದುರ್ಗದ ಕಡೆ ಹೋದ ಮನುಷ್ಯ ಸಂಜೆಯ ಬಸ್ಸಿಗೆ ತಿರುಗಿ ಬಂದಾಗ, ಸದಾ ಹೆಗಲ ಮೇಲಿರುತ್ತಿದ್ದ ಟವೆಲ್ಲು ಎದೆಗೆ ಬಂದಿತ್ತು. ಅದರೊಳಗಿಂದ ಚೂಪಾದ ಮೂತಿಯೊಂದು ಹೊರಗೆ ಇಣುಕುತ್ತಿತ್ತು. ನಾನು ಆಡಿನ ಮರಿ ಅಂದುಕೊಂಡೆ. ಅವ್ವ ಜಿಂಕೆಯ ಮರಿಯೆಂದು ತಿಳಿದು, ಇನ್ನು ಪೊಲೀಸರು ಬರುವುದೊಂದೇ ಬಾಕಿ ಎನ್ನುವಂತೆ ಓಡಿಹೋಗಿ ತಲಬಾಗಿಲು ಮುಂದೆ ಮಾಡಿ ಅಗಳಿ ಹಾಕಿದಳು.

ಅಪ್ಪ ಅದನ್ನು ಪಡಸಾಲೆಯಲ್ಲಿ ಇಳಿಸಿದ. ಅದು ನಾಲ್ಕು ಕಾಲಿನ ಮೇಲೆ ನಿಂತಿತು, ನಡುಗಿತು, ಆಮೇಲೆ ಉಚ್ಚೆ ಹೊಯ್ದಿತು. ಆಗ ಅದು ನಾಯಿಯೆಂದು ಎಲ್ಲರಿಗೂ ಖಾತ್ರಿಯಾಯಿತು.

ತೊಂಬತ್ತರ ದಶಕದ ಮಾತು ಇದು. ನಾನಾಗ ಹೈಸ್ಕೂಲಿನ ಹುಡುಗಿ. ಅಪ್ಪನಿಗೆ ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಕಮಿಷನ್ನಿನ ಮೇಲೆ ಮಾಲು ಮಾರಿಕೊಡುವ ಅಡತಿ ಅಂಗಡಿ. ಸುತ್ತಲ ಹಳ್ಳಿಗಳ ರೈತರು ಹತ್ತಿ, ಶೇಂಗಾ ಹೇರಿಕೊಂಡು ಬಂದು ಅಂಗಡಿಯಲ್ಲಿ ಮಾಲು ಇಳಿಸಿ, ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬರುತ್ತಿದ್ದರು. ಯಾರು ಬರುತ್ತಾರೆ, ಎಷ್ಟು ಮಂದಿ ಬರುತ್ತಾರೆ ಎಂದು ಅವ್ವನಿಗೆ ಗೊತ್ತಿರುತ್ತಿರಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಿಂತಿತೆಂದರೆ ಈ ಮನೆಯಲ್ಲಿ ಏನೋ ಆಗಿದೆಯೆಂದು ಓಣಿಯವರು ಇಣುಕಿ ನೋಡುತ್ತಿದ್ದರು.

ಉಣ್ಣಿಸುವುದೇ ನಮ್ಮ ಮನೆತನದ ದೊಡ್ಡಸ್ತಿಕೆ, ಅಪ್ಪನ ತಾಯಿ ಅದರ ಕಾವಲುಗಾರ್ತಿ. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು. ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಳೆಂದರೆ ಹಾದಿಯಲ್ಲಿ ಹೋಗುವವರು ಅವಳ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ಮುಂದೆ ಹೋಗಬೇಕು. ಉಂಡಿಯೇನು? ಸಾಕು ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಉಣ್ಣುವವರು ಹೇಳಬಹುದಿತ್ತು, ಬಡಿಸುವವರು ಹೇಳುವಂತಿರಲಿಲ್ಲ. ಉಣ್ಣುವವರು ಹೇಳಿದರೂ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಕಿತ್ತೂರಿನಿಂದ ಸೊಸೆಯಾಗಿ ಬಂದ ಅವ್ವ ಈ ಮನೆಯಲ್ಲಿ ಹೆಸರು ಗಳಿಸಿದ್ದು ಆ ಇನ್ನೊಂದು ರೊಟ್ಟಿಯಿಂದಲೇ.

ಇಂಥ ಮನೆಗೆ ಅಪ್ಪ ಪಕ್ಕೆಲುಬು ಕಾಣುವ ನಾಯಿಯನ್ನು ತಂದ.

ಅದು ಜಾತಿ ನಾಯಿ ಎಂದು ಅಪ್ಪ ಹೇಳಿದ. ಯಾವ ಜಾತಿ ಎಂದು ಆಯಿ ಕೇಳಿದಳು. ಮುಧೋಳದ ಕಡೆಯ ಬೇಟೆ ನಾಯಿ, ಮೊಲದ ಬೆನ್ನು ಹತ್ತಿದರೆ ಕಣ್ಣಿಗೆ ಕಾಣುವುದಿಲ್ಲ, ರಾಮದುರ್ಗದ ಗೆಳೆಯ ಪ್ರೀತಿಯಿಂದ ಕೊಟ್ಟ ಎಂದು ಅಪ್ಪ ಒಂದೇ ಉಸಿರಿನಲ್ಲಿ ಒದರಿದ.

"ನಮ್ಮ ಮನ್ಯಾಗ ಬ್ಯಾಟಿ ಆಡಾವರು ಯಾರು?" ಎಂದಳು ಆಯಿ. "ನೀನೋ, ನಾನೋ?"

ಉಳ್ಳಾಗಡ್ಡಿ ಹೆಚ್ಚಿದರೂ ಸೋಮವಾರ ಬೇಡ ಎನ್ನುವ ಮನೆ ನಮ್ಮದು. ಆದರೆ ಅಪ್ಪ ಆ ಮರಿಯ ಕಡೆ ನೋಡುತ್ತಿದ್ದ ರೀತಿ ನನ್ನನ್ನು ಇನ್ನೂ ದಂಗುಬಡಿಸುತ್ತದೆ. ತನಗಾಗಿ ಒಂದು ಅಂಗಿಯನ್ನೂ ಆರಿಸಿಕೊಳ್ಳದ ಮನುಷ್ಯ ಅವನು. ಗೆಳೆಯನ ಹೊಲದಲ್ಲಿ ಈ ನಾಯಿಯ ತಾಯಿ ಓಡುವುದನ್ನು ನೋಡಿದನಂತೆ, ನೋಡಿ ಎರಡು ಬಸ್ಸು ಬಿಟ್ಟನಂತೆ. ಮಗನ ಮುಖ ನೋಡಿ ಆಯಿ ಸ್ವಲ್ಪ ಇಳಿದಳು. ಹೊಸ್ತಿಲು ದಾಟಿ ಒಳಗೆ ಬರಕೂಡದು, ದೇವರ ಜಗುಲಿಯ ಕಡೆ ಮೂತಿ ಮಾಡಕೂಡದು ಎಂದು ಎರಡು ಕರಾರು ಹಾಕಿ ಒಪ್ಪಿಕೊಂಡಳು. ಹೆಸರಿಡಲು ಮಾತ್ರ ಬಿಡಲಿಲ್ಲ. ನಮ್ಮ ಮನೆಯ ಹೆಸರುಗಳೆಲ್ಲ ಶಿವನವು, ಶರಣರವು, ಹೋದ ಹಿರಿಯರವು. ಅವನ್ನು ನಾಯಿಗಿಟ್ಟು ಕೂಗುವುದು ಹೇಗೆ? ಹಾಗಾಗಿ ಅದು ಕೊನೆಯವರೆಗೂ ನಾಯಿಯಾಗಿಯೇ ಉಳಿಯಿತು.

ಗೆಳೆಯ ಹೇಳಿ ಕಳಿಸಿದ ಲೆಕ್ಕ ಸರಳವಾಗಿತ್ತು. ಹೊತ್ತಿಗೊಂದು ರೊಟ್ಟಿ, ಜೊತೆಗೆ ಒಂದಿಷ್ಟು ಹಾಲು, ದಿನಾ ಓಟ. ಮಾಂಸವಿಲ್ಲದೆ ಬದುಕುತ್ತದೆಯೇ ಎಂದು ನನಗೆ ಅನುಮಾನ ಇತ್ತು. ಅದೇನೂ ತೊಂದರೆಯಾಗಲಿಲ್ಲ. ನಾಯಿ ಎತ್ತರವಾಯಿತು. ಕಾಲು ಉದ್ದವಾದವು, ಸೊಂಟ ಸಣ್ಣದಾಯಿತು, ಎದೆ ಅಗಲವಾಯಿತು. ಪಕ್ಕೆಲುಬು ಮಾತ್ರ ಬಂದ ದಿನದಂತೆಯೇ ಒಂದೊಂದಾಗಿ ಕಾಣುತ್ತಿದ್ದವು. ಅಪ್ಪ ಮುಂಜಾನೆ ಅದನ್ನು ನೇಸರಗಿ ರಸ್ತೆಯ ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಿ ಬಿಡುತ್ತಿದ್ದ. ಒಮ್ಮೆ ನಾನೂ ಹೋದೆ. ಹಗ್ಗ ಬಿಚ್ಚಿದ ಮರುಕ್ಷಣ ಅದು ಬದುವಿನ ಆ ತುದಿಯಲ್ಲಿತ್ತು. ನಡುವೆ ಏನು ನಡೆಯಿತೆಂದು ನಾನು ನೋಡಲೇ ಇಲ್ಲ. ಅಪ್ಪ ನನ್ನ ಮುಖ ನೋಡಿ ಸಣ್ಣ ಹುಡುಗನಂತೆ ನಕ್ಕ.

ಓಣಿಯವರಿಗೆ ಈ ಓಟ ಎಲ್ಲಿ ಕಾಣಬೇಕು? ಅವರಿಗೆ ಕಂಡದ್ದು ಊರಿಗೆಲ್ಲ ಊಟ ಹಾಕುವ ಮನೆಯ ಬಾಗಿಲಲ್ಲಿ ಕಟ್ಟಿದ ಬಡಕಲು ನಾಯಿ. ಮೊದಲು ನಗೆಯಲ್ಲಿ ಕೇಳಿದರು. ಆಮೇಲೆ ನಗದೆ ಕೇಳಿದರು. ಕೊನೆಗೆ ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು, ನಾಯಿಯ ಬೆನ್ನ ಮೇಲೆ ಕೈಯಾಡಿಸಿ, ಪಾಪ ಎಂದಳು. ಅಷ್ಟೇ. ಆ ಪಾಪ ಎನ್ನುವುದು ಕಟ್ಟೆಯ ಮೇಲೆ ಕುಳಿತ ಆಯಿಯ ಕಿವಿಗೆ ಬಿತ್ತು.

ಆಯಿ ಎದ್ದು ಒಳಗೆ ಬಂದಳು. ಪಡಸಾಲೆಯಲ್ಲಿ ಸಂಗೊಳ್ಳಿಯಿಂದ ಬಂದ ರೈತರು ಊಟಕ್ಕೆ ಕುಳಿತಿದ್ದರು. ಅವ್ವ ಪಲ್ಲೆ ಬಡಿಸುತ್ತಿದ್ದಳು. ಅವರೆಲ್ಲರ ಎದುರಿಗೆ, ದನಿ ಏರಿಸದೆ, ಆಯಿ ಅಂದಳು:

"ನಾಯಿಗೆ ಹಾಕಂಗಿಲ್ಲೇನು ನೀ? ಇದು ಉಪಾಸ ಕೆಡವೂ ಮನಿ ಅಂತ ಮಂದಿ ಅನಬೇಕೇನು?"

ಉಣ್ಣುತ್ತಿದ್ದವರು ತುತ್ತು ಹಿಡಿದುಕೊಂಡೇ ಕುಳಿತರು. ಅವ್ವನನ್ನು ಆಯಿ ಬೈದದ್ದು ಮೊದಲ ಸಲವೇನಲ್ಲ, ಅತ್ತೆ ಸೊಸೆ ಎಂದ ಮೇಲೆ ಬೈಗುಳ ಇದ್ದದ್ದೇ. ಹಾಲು ಉಕ್ಕಿತು, ಉಪ್ಪು ಹೆಚ್ಚಾಯಿತು, ತವರಿನ ನೆನಪು ಜಾಸ್ತಿಯಾಯಿತು, ಏನೆಲ್ಲ ಅಂದಿದ್ದಾಳೆ. ಹಾಕುವುದಿಲ್ಲ ಎಂದು ಮಾತ್ರ ಯಾವತ್ತೂ ಅಂದಿರಲಿಲ್ಲ. ಈ ಮನೆಗೆ ಕಾಲಿಟ್ಟ ದಿನದಿಂದ ಒಲೆಯ ಮುಂದೆ ಕುಳಿತು ಬೆನ್ನು ಬಾಗಿಸಿಕೊಂಡವಳಿಗೆ ಆ ಮಾತು! ಅವ್ವ ಬಾಯಿ ತೆರೆದಳು. ಅದರ ಜಾತಿಯೇ ಹಾಗೆ, ತೆಳ್ಳಗಿರುವುದೇ ಅದರ ಲಕ್ಷಣ ಎಂದು ಸಣ್ಣ ದನಿಯಲ್ಲಿ ಹೇಳಿದಳು.

"ತೆಳ್ಳಗಿರೂದು ಅಂತ ಒಂದ ಜಾತಿ ಇರತೈತೇನು?" ಎಂದಳು ಆಯಿ. "ಅದಕ್ಕ ಹಸಿವು ಅಂತಾರ."

ಅವತ್ತು ಅವ್ವ ಊಟ ಮಾಡಲಿಲ್ಲ. ನನಗೆ ಆಯಿಯ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಜೊತೆಗೆ ಅಪ್ಪನ ಮೇಲೆ, ಕಾಕುವಿನ ಮೇಲೆ, ಆ ಪಕ್ಕೆಲುಬುಗಳ ಮೇಲೂ ಸಿಟ್ಟು ಬಂತು. ಮಾತು ಓಣಿ ದಾಟಿತು. ಊಟಕ್ಕೆ ಕುಳಿತವರ ಬಾಯಿಂದ ಮಾರ್ಕೆಟ್ಟಿಗೆ ಹೋಯಿತು, ಮಾರ್ಕೆಟ್ಟಿನಿಂದ ಬಸ್ಸು ಹತ್ತಿ ಕಿತ್ತೂರಿಗೂ ಹೋಯಿತು. ಅವ್ವನ ಅಣ್ಣ ಮುಂದಿನ ವಾರ ಬಂದವನು ತಂಗಿಯನ್ನು ಮಾತಾಡಿಸುವ ಮೊದಲು ನಾಯಿಯ ಕಡೆ ನೋಡಿದ. ಅದನ್ನು ಅವ್ವ ನೋಡಿದಳು.

ಅಲ್ಲಿಂದ ಶುರುವಾಯಿತು ಹಾಕುವುದು. ಬೆಳಗ್ಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ಅವ್ವ ಹಾಕುತ್ತಿದ್ದಳು. ಸೊಸೆ ಹಾಕುತ್ತಾಳೆಂದು ನಂಬದ ಆಯಿ, ತನ್ನ ಪೂಜೆ ಮುಗಿದ ಮೇಲೆ ತನ್ನ ಪಾಲಿನ ಹಾಲು, ಬೆಲ್ಲ, ಬಾಳೆಹಣ್ಣು ಕಲಸಿ ಹಾಕುತ್ತಿದ್ದಳು. ಇವರಿಬ್ಬರ ಜಗಳದಲ್ಲಿ ನಾಯಿ ಉಪವಾಸ ಬೀಳುತ್ತದೆಂದು ಅಪ್ಪ ಅಂಗಡಿಯಿಂದ ಬರುವಾಗ ಬನ್ನು ತರುತ್ತಿದ್ದ. ಊಟಕ್ಕೆ ಬಂದ ರೈತರೂ ಕೈ ತೊಳೆಯಲು ಹೊರಗೆ ಹೋಗುವಾಗ, ಆಯಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು ಒಂದು ಚೂರು ಎಸೆಯುತ್ತಿದ್ದರು. ಹಬ್ಬ ಬಂದರೆ ಹೋಳಿಗೆ, ಜಾತ್ರೆಗೆ ಹೋಗಿ ಬಂದವರಿದ್ದರೆ ಬೆಂಡು ಬತ್ತಾಸು. ಗೋಧಿ ಬೆಲ್ಲದ ಮಾದಲಿ ಮಾಡಿದ ದಿನ ಅದಕ್ಕೂ ತುಪ್ಪ ಹಾಕಿದ ಮಾದಲಿ. ನಾನೊಬ್ಬಳೇ ಏನೂ ಹಾಕಲಿಲ್ಲ. ನನ್ನ ಪಾಳಿ ಬರುತ್ತಲೇ ಇರಲಿಲ್ಲ.

ಮುಂಜಾನೆಯ ಓಟವೂ ನಿಂತಿತು. ಓಡಿದರೆ ಮತ್ತೆ ಸೊರಗುತ್ತದೆ ಎಂದು ಆಯಿ ಹೊಸ ಅಪ್ಪಣೆ ಹೊರಡಿಸಿದ್ದಳು. ಅಪ್ಪ ಗೊಣಗಿದ, ಆಮೇಲೆ ಹತ್ತಿಯ ಹಂಗಾಮು ಬಂತು, ಗೊಣಗಲೂ ಅವನಿಗೆ ಬಿಡುವಾಗಲಿಲ್ಲ.

ನಾಯಿ ಉಬ್ಬಿತು. ಪಕ್ಕೆಲುಬು ಮುಚ್ಚಿದವು. ಹೊಟ್ಟೆ ಜೋತುಬಿತ್ತು. ಸಣ್ಣ ತಲೆ, ಸಣ್ಣ ಕಾಲು, ನಡುವೆ ದೊಡ್ಡ ಹತ್ತಿಯ ಅಂಡಿಗೆಯಂಥ ಮೈ. ನೋಡಿದವರೆಲ್ಲ ಮೆಚ್ಚಿಕೊಂಡರು. ಮೈ ಕೈ ತುಂಬಿಕೊಂಡಿದೆ, ಈಗ ನಿಮ್ಮ ಮನೆಯ ನಾಯಿ ಅನ್ನಿಸುತ್ತದೆ ಎಂದು ಪಕ್ಕದ ಮನೆಯ ಕಾಕುವೇ ಹೇಳಿದಳು. ಆಯಿ ಅದರ ಹಣೆಗೂ ಒಂದು ಬೊಟ್ಟು ವಿಭೂತಿ ಹಚ್ಚತೊಡಗಿದಳು. ಅವ್ವನ ಮುಖಕ್ಕೆ ಕಳೆ ಬಂತು. ಅದರ ಬೆನ್ನು ತಟ್ಟಿ, ನನ್ನ ಮಾನ ಉಳಿಸಿದಿ ನೋಡು ಎಂದು ಅವಳು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಎಳ್ಳಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಊಟ. ಬೆಳೆದು ನಿಂತ ಪೈರಿಗೆ ಮೊದಲು ಎಡೆ ಚೆಲ್ಲಿ, ಆಮೇಲೆ ಬಂದವರೆಲ್ಲ ಬನ್ನಿಗಿಡದ ಕೆಳಗೆ ಕೂತು ಉಣ್ಣುವುದು. ಆ ವರ್ಷ ಅವ್ವ ಕಿತ್ತೂರಿನವರನ್ನೆಲ್ಲ ಕರೆಸಿದ್ದಳು. ಅಪ್ಪ ರಾಮದುರ್ಗದ ಗೆಳೆಯನನ್ನು ಕರೆಸಿದ್ದ. ಅವರು ದೊಡ್ಡ ಜಮೀನುದಾರರು, ಮೀಸೆಯನ್ನೂ ನಾಯಿಗಳನ್ನೂ ಒಂದೇ ಶ್ರದ್ಧೆಯಿಂದ ಬೆಳೆಸಿದವರು, ತಮ್ಮ ಬಗ್ಗೆ ತಾವೇ ಚೆನ್ನಾಗಿ ಮಾತಾಡಿಕೊಳ್ಳುವವರು. ಟ್ರ್ಯಾಕ್ಟರಿನ ತುಂಬ ಬುಟ್ಟಿಗಳು. ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು. ಬುಟ್ಟಿಗಳ ನಡುವೆ ಕೊರಳಿಗೆ ಹೊಸ ಗೆಜ್ಜೆ ಕಟ್ಟಿಸಿಕೊಂಡ ನಾಯಿ. ಅವ್ವ ಬೇಕೆಂದೇ ತಂದಿದ್ದಳು. ತವರಿನವರು ಕಣ್ಣಾರೆ ನೋಡಲಿ ಎಂದು.

ಗೆಳೆಯ ಜೀಪಿನಿಂದ ಇಳಿದರು. ಎಲ್ಲರಿಗೂ ಕೈ ಮುಗಿದರು. ಆಮೇಲೆ ಸುತ್ತಲೂ ನೋಡಿ ಕೇಳಿದರು:

"ನಾ ಕೊಟ್ಟ ನಾಯಿ ಎಲ್ಲೈತ್ರಿ?"

ನಾಯಿ ಅವರ ಮುಂದೆಯೇ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಚೇಷ್ಟೆ ಮಾಡುತ್ತಿದ್ದಾರೆಂದು ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅಪ್ಪ ಬೆರಳು ಮಾಡಿ ತೋರಿಸಿದ. ಅವರು ಬೆರಳಿನ ಗುಂಟ ನೋಡಿದರು. ಆ ದೊಡ್ಡ ಮೀಸೆಯ ಕೆಳಗೆ ಬಾಯಿ ತೆರೆದೇ ಉಳಿಯಿತು. ಅಷ್ಟರಲ್ಲಿ, ಬೇಕೆಂದೇ ಯಾರೋ ಬಿಟ್ಟಂತೆ, ಕಡಲೆಯ ಸಾಲಿನಿಂದ ಒಂದು ಮೊಲ ಎದ್ದಿತು.

ನಾಯಿಗೆ ಯಾರೂ ಏನೂ ಕಲಿಸಿರಲಿಲ್ಲ. ಅವ್ವನ ಕೈಯಿಂದ ಹಗ್ಗ ಕಿತ್ತುಕೊಂಡು ಹೋಯಿತು. ಗೆಜ್ಜೆಯ ಸದ್ದು, ಜೋತಾಡುವ ಹೊಟ್ಟೆ, ಆದರೂ ಮೊದಲ ಕೆಲವು ನೆಗೆತ ಹಳೆಯ ನೆಗೆತವೇ. ಅಪ್ಪನ ಮುಖ ಅರಳಿದ್ದನ್ನು ನೋಡಿದೆ. ಹಿಂದೆಯೇ ಅದು ಬಿತ್ತು. ಎಡವಿ ಬಿದ್ದದ್ದಲ್ಲ. ಓಡುತ್ತಿದ್ದದ್ದು ಹಾಗೆಯೇ ಪಕ್ಕಕ್ಕೆ ಒರಗಿ, ಎರೆಮಣ್ಣಿನಲ್ಲಿ ಸ್ವಲ್ಪ ದೂರ ಜಾರಿಕೊಂಡು ಹೋಗಿ ನಿಂತಿತು. ಗೆಜ್ಜೆಯ ಸದ್ದೂ ನಿಂತಿತು.

ಎಲ್ಲರೂ ಓಡಿದೆವು. ಅದರ ನಾಲಗೆ ಹೊರಬಿದ್ದು ಕಪ್ಪಾಗಿತ್ತು, ಕಣ್ಣು ತೆರೆದಿತ್ತು, ಹೊಟ್ಟೆ ಮೇಲೆ ಕೆಳಗೆ ಆಗುತ್ತಿತ್ತು. ಗೆಳೆಯ ಮಂಡಿಯೂರಿ ಅದರ ಎದೆಯ ಮೇಲೆ ಕೈಯಿಟ್ಟರು. ತಲೆಯೆತ್ತದೆ ಕೇಳಿದರು:

"ಇಷ್ಟ ಹಾಕಿದಾವರು ಯಾರ್ರಿ ಇದಕ್ಕ?"

ನನಗೆ ಮೊದಲು ಆ ಮಾತು ಅರ್ಥವೇ ಆಗಲಿಲ್ಲ. ನಮ್ಮ ಮನೆಯವರ ಮೇಲೆ ಹಾಕಿದ್ದಕ್ಕೆ ಆಪಾದನೆ ಬರಬಹುದೆಂದು ಯಾರಿಗೆ ಕನಸು ಬಿದ್ದಿತ್ತು? ಆಯಿಯ ಕಡೆ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಕಿತ್ತೂರಿನವರು, ಒಕ್ಕಲು ಮಕ್ಕಳು, ಓಣಿಯವರು ಎಲ್ಲ ನಿಂತಿದ್ದರು. ಈಗ ಸೊಸೆಯ ಕಡೆ ಬೆರಳು ಮಾಡುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ. ಅವಳ ತುಟಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ.

"ನಾನ ಹಾಕೇನ್ರಿ," ಎಂದಳು ಅವ್ವ. "ಎಲ್ಲಾ ನಾನ ಹಾಕೇನಿ."

ಸುಳ್ಳು. ಅರ್ಧಕ್ಕಿಂತ ಹೆಚ್ಚು ಹಾಕಿದವಳು ಆಯಿ. ಅದು ಅಲ್ಲಿದ್ದ ಅರ್ಧ ಮಂದಿಗೆ ಗೊತ್ತಿತ್ತು. ಆಯಿಗಂತೂ ಗೊತ್ತಿತ್ತು.

ಚರಗ ಚೆಲ್ಲುವುದನ್ನು ಕಿತ್ತೂರಿನ ಮಾವನಿಗೆ ಒಪ್ಪಿಸಿ, ನಾಯಿಯನ್ನು ಗೆಳೆಯನ ಜೀಪಿಗೆ ಹಾಕಿಕೊಂಡು, ಆಯಿಯನ್ನೂ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಹಬ್ಬದ ದಿನವಾದರೂ ಡಾಕ್ಟರು ಸಿಕ್ಕರು. ಎತ್ತು, ಎಮ್ಮೆ ನೋಡಿ ರೂಢಿಯಿದ್ದವರು, ನಾಯಿಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಸೂಜಿ ಚುಚ್ಚಿದ ಮೇಲೆ ಏನು ಹಾಕುತ್ತೀರಿ ಎಂದು ಕೇಳಿದರು. ಅವ್ವ ಬೆಳಗಿನ ಬೆಣ್ಣೆ ರೊಟ್ಟಿಯಿಂದ ಹಿಡಿದು ಹೇಳುತ್ತ ಹೋದಳು. ಹಾಲು ಬೆಲ್ಲ, ಬನ್ನು, ಹೋಳಿಗೆ. ಮಾದಲಿಗೆ ಬರುವ ಹೊತ್ತಿಗೆ ಡಾಕ್ಟರು ಕೈಯೆತ್ತಿ ನಿಲ್ಲಿಸಿ, ಇದು ನಾಯಿನೋ ಮನೆ ಅಳಿಯನೋ ಎಂದರು. ಯಾರೂ ನಗಲಿಲ್ಲ. ಗುಂಡಿಗೆಗೆ ತ್ರಾಸಾಗಿದೆ, ಇಂದು ಬದುಕುತ್ತದೆ, ಹೀಗೇ ಹಾಕಿದರೆ ಮುಂದಿನ ಹಬ್ಬ ನೋಡುವುದಿಲ್ಲ ಎಂದು ಹೇಳಿದರು.

ನಾಯಿಯನ್ನು ತಾವೇ ತಿರುಗಿ ಒಯ್ಯುತ್ತೇವೆಂದು ಗೆಳೆಯ ಪಟ್ಟು ಹಿಡಿದರು. ನಾಯಿ ಸಾಕುವವರಿಗೆ ಸಾಕು ಎನ್ನಲು ಬರಬೇಕು, ಅದು ನಿಮ್ಮ ಮನೆಯಲ್ಲಿ ಆಗುವ ಮಾತಲ್ಲ ಎಂದು ಅಪ್ಪನ ಮುಖಕ್ಕೇ ಹೇಳಿದರು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಆಗ ಅವ್ವ ಮುಂದೆ ಬಂದಳು. ಪರ ಗಂಡಸರ ಎದುರು ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಒಯ್ಯಬ್ಯಾಡ್ರಿ ಅಣ್ಣಾರ. ಮೊದಲ ಹಾಕಲಾರದಾಕಿ ಅಂದ್ರು. ಈಗ ಒಯ್ದ್ರ, ಹಾಕಿ ಕೊಂದಾಕಿ ಅಂತಾರ. ಅದನ್ನ ನೆಟ್ಟಗ ಮಾಡಿ ತೋರಸತೇನಿ, ನನಗ ಬಿಡ್ರಿ."

ಗೆಳೆಯ ಮೀಸೆ ಎಳೆದುಕೊಂಡು ಆಯಿಯ ಕಡೆ ನೋಡಿದರು. ಮನೆಯ ಹಿರಿಯಳು ಅವಳೇ. ಆಯಿ ಜೀಪಿನ ಬಾಗಿಲು ಹಿಡಿದುಕೊಂಡು ನಿಂತಿದ್ದಳು.

"ಇಕೀನ ಹಾಕಲಿ," ಎಂದಳು. "ನಾ ಹಾಕೂದಿಲ್ಲ."

ಹೇಳುವುದು ಸುಲಭ. ಬಡಿಸುತ್ತಲೇ ಮುಪ್ಪಾದ ಕೈಗಳು ಅವು. ನಾಯಿ ರೂಢಿಯಂತೆ ಪೂಜೆ ಮುಗಿಯುವ ಹೊತ್ತಿಗೆ ಹೊಸ್ತಿಲ ಆಚೆ ಬಂದು ಕುಳಿತು ಅವಳ ಮುಖ ನೋಡುತ್ತಿತ್ತು. ಆಯಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವ್ವ ತೂಗಿದಂತೆ ಹಾಕುತ್ತಿದ್ದಳು, ಒಂದು ರೊಟ್ಟಿ, ಒಂದಿಷ್ಟು ಹಾಲು, ಮುಗಿಯಿತು. ಬಂದವರಿಗೆ ಅದೇ ಕೈಯಿಂದ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ನಾಯಿಗೆ ಬೀಳುತ್ತಿರಲಿಲ್ಲ. ಅಪ್ಪ ಮತ್ತೆ ಮುಂಜಾನೆ ಹೊಲಕ್ಕೆ ಹೊರಟ. ಮೊದಮೊದಲು ನಡೆಸಿಕೊಂಡು, ಆಮೇಲೆ ಓಡಿಸಿಕೊಂಡು. ಬೇಸಿಗೆ ಮುಗಿಯುವುದರೊಳಗೆ ಪಕ್ಕೆಲುಬುಗಳು ಒಂದೊಂದಾಗಿ ಮತ್ತೆ ಕಾಣಿಸಿಕೊಂಡವು.

ಓಣಿಯ ಬಾಯಿಗಳೂ ಮತ್ತೆ ತೆರೆದವು. ಈ ಸಲ ಅವ್ವ ತಡವರಿಸಲಿಲ್ಲ. ಯಾರೇ ಕೇಳಲಿ, ಅದೇ ಉತ್ತರ: "ಇದರ ಜಾತೀನ ಹಂಗ್ರಿ. ತೆಳ್ಳಗಿರೂದು." ಅಂಗಡಿಯ ಹಮಾಲರಿಗೆ, ಬಳೆಗಾರ್ತಿಗೆ, ಮಠದಿಂದ ಬಂದ ಅಯ್ಯನವರಿಗೆ, ತವರಿನವರಿಗೆ, ಎಲ್ಲರಿಗೂ ಅದೇ. ಆಯಿ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಹೌದು ಎಂದು ಒಂದು ಸಲ ತಲೆಯಾಡಿಸಿದ್ದರೆ ಅವ್ವನ ಮಾತಿಗೆ ತೂಕ ಬರುತ್ತಿತ್ತು. ವರ್ಷಗಟ್ಟಲೆ ನಾನು ಅದಕ್ಕಾಗಿ ಕಾದೆ. ಆಯಿ ತಲೆಯಾಡಿಸಲಿಲ್ಲ. ಮಾತು ಆ ಕಡೆ ಹೊರಳಿತೆಂದರೆ ಜಪಮಾಲೆ ಎತ್ತಿಕೊಳ್ಳುತ್ತಿದ್ದಳು. ಕೊಟ್ಟ ಮಾತಿನಂತೆ ಒಂದು ಚೂರೂ ಹಾಕಲಿಲ್ಲ, ಆದರೆ ತೆಳ್ಳಗಿರುವ ಜಾತಿಯೊಂದಿದೆ ಎಂದು ಒಪ್ಪಲೂ ಇಲ್ಲ. ಹೊಲದಲ್ಲಿ ತನ್ನ ತಪ್ಪನ್ನು ಸೊಸೆ ತಲೆಯ ಮೇಲೆ ಹೊತ್ತುಕೊಂಡದ್ದರ ಬಗ್ಗೆಯೂ ಒಂದು ಮಾತು ಆಡಲಿಲ್ಲ. ಇಷ್ಟು ಬಿಗಿ ಇರಬಾರದು ಮನುಷ್ಯರು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಯಿ ಹಾಸಿಗೆ ಹಿಡಿದಳು. ನಾನಾಗ ಊರಿನ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಅವಳಿಗೆ ಅನ್ನನಾಳದಲ್ಲಿ ಗಂಟು, ಬೆಳಗಾವಿಯ ಡಾಕ್ಟರು ಈ ವಯಸ್ಸಿಗೆ ಕತ್ತರಿ ಬೇಡವೆಂದು ತಿರುಗಿ ಕಳಿಸಿದ್ದರು. ಊರನ್ನೆಲ್ಲ ಉಣ್ಣಿಸಿದವಳಿಗೆ ಉಣ್ಣಲು ಬಾರದಂತಾಯಿತು. ಅವ್ವ ನುಚ್ಚಿನ ಗಂಜಿ ಕುದಿಸಿ, ಸೋಸಿ, ಆರಿಸಿ, ಚಮಚದಿಂದ ಬಾಯಿಗೆ ಬಿಡುತ್ತಿದ್ದಳು. ಒಳಗೆ ಇಳಿದರೆ ಇಳಿಯಿತು, ಇಲ್ಲದಿದ್ದರೆ ಸೆರಗಿನಿಂದ ಒರೆಸಿ ಮತ್ತೆ ಒಂದು ತಾಸಿಗೆ ಕುದಿಸಲು ಹೋಗುತ್ತಿದ್ದಳು. ನಾಯಿಗೂ ಮುಪ್ಪು ಬಂದಿತ್ತು. ಒಂದು ದಿನ ಆಯಿ ಹ್ಞೂಂ ಎಂದು ಅದನ್ನು ಕೈಸನ್ನೆ ಮಾಡಿ ಕರೆದಳು. ಅದು ಹೊಸ್ತಿಲ ಹತ್ತಿರ ಬಂದು ನಿಂತು, ದಾಟಬಹುದೇ ಎಂದು ನಮ್ಮ ಮುಖ ನೋಡಿತು. ಆಮೇಲೆ ದಾಟಿತು. ಅವತ್ತಿನಿಂದ ಅದು ಮಲಗುತ್ತಿದ್ದದ್ದು ಅವಳ ಮಂಚದ ಕೆಳಗೆ.

ಸವದತ್ತಿಗೆ ಕೊಟ್ಟಿದ್ದ ನನ್ನ ಅತ್ತೆ, ಅಂದರೆ ಆಯಿಯ ಮಗಳು, ಗಂಡನ ಮನೆಯ ಹೆಂಗಸರ ಜೊತೆ ತಾಯಿಯನ್ನು ನೋಡಲು ಬಂದಳು. ಬಹಳ ದಿನದ ಮೇಲೆ ಬಂದಿದ್ದಳು. ಮಂಚದ ಹತ್ತಿರ ಬಂದವಳೇ ಹೊದಿಕೆ ಸರಿಸಿದಳು. ಅಲ್ಲಿ ಕಂಡದ್ದನ್ನು ನಾನು ಬರೆಯಲಾರೆ. ದಿನಾ ನೋಡುತ್ತಿದ್ದ ನಮಗೆ ಕಾಣದೆ ಹೋದದ್ದು ಅವಳಿಗೆ ಒಮ್ಮೆಲೇ ಕಂಡಿತು. ಅತ್ತೆ ತಾಯಿಯ ಪಕ್ಕೆಲುಬುಗಳ ಮೇಲೆ ಕೈಯಿಟ್ಟು, ತೆಗೆದು, ತಿರುಗಿದಳು. ಗಂಜಿಯ ಬಟ್ಟಲು ಹಿಡಿದು ಅವ್ವ ಬಾಗಿಲಲ್ಲಿ ನಿಂತಿದ್ದಳು.

"ನಮ್ಮವ್ವಗ ಉಣ್ಣಾಕ ಹಾಕಂಗಿಲ್ಲೇನ ವೈನಿ?"

ಅದೇ ಮಾತು, ಹತ್ತು ಜನರ ಎದುರಿಗೆ ಅದೇ ಮಾತು, ಅದೇ ಹೆಂಗಸಿಗೆ. ನಾಯಿಗಾಗಿ ಇಷ್ಟು ವರ್ಷ ನಾಲಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿದ್ದ ಅವ್ವನ ಹತ್ತಿರ ತನಗಾಗಿ ಒಂದು ಮಾತೂ ಇರಲಿಲ್ಲ. ಸವದತ್ತಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಸುದ್ದಿಯೂ ಸಂಜೆಯ ಬಸ್ಸು ಹತ್ತುತ್ತದೆಂದು ನನಗೆ ಗೊತ್ತಾಯಿತು. ಅತ್ತೆಯನ್ನು ಏನಾದರೂ ಅಂದುಬಿಡಬೇಕೆಂದು ಬಾಯಿ ತೆರೆದೆ.

ನನಗಿಂತ ಮೊದಲು ಮಂಚದಿಂದ ದನಿ ಬಂತು. ಮಾತಾಡುವುದನ್ನು ಆಯಿ ಬಿಟ್ಟೇ ಬಿಟ್ಟಿದ್ದಾಳೆಂದು ನಾವು ತಿಳಿದಿದ್ದೆವು. ಗಂಟಲಲ್ಲಿ ಕಲ್ಲು ಉರುಳಿದಂಥ ಸದ್ದು.

"ಇಕಿಗೆ ಏನೂ ಅನಬ್ಯಾಡ."

ಉಸಿರು ತೆಗೆದುಕೊಂಡಳು. ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟಳು. ಅಲ್ಲಿದ್ದ ನಾಯಿ ತಲೆಯೆತ್ತಿ ಬೆರಳು ಮೂಸಿತು.

"ನಮ್ಮ ಜಾತೀನ ಹಿಂಗ ಐತಿ. ತೆಳ್ಳಗಿರೂದು."

ಅತ್ತೆಗೆ ಏನೂ ತಿಳಿಯಲಿಲ್ಲ. ಜ್ವರ ತಲೆಗೇರಿದೆ, ಏನೇನೋ ಬಡಬಡಿಸುತ್ತಿದ್ದಾಳೆ ಎಂದು ಅಳಲು ಶುರುಮಾಡಿದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಮಂಚದ ಕೆಳಗಿದ್ದ ನಾಯಿಯನ್ನು ನೋಡಿದಳು, ಮೇಲಿದ್ದ ಆಯಿಯನ್ನು ನೋಡಿದಳು.

"ಹೌದ್ರಿ ಅತ್ತಿ," ಎಂದಳು.

ಕೈಯಲ್ಲಿದ್ದ ಗಂಜಿ ಸೀರೆಯ ಮೇಲೆ ಚೆಲ್ಲುತ್ತಿತ್ತು. ಬಟ್ಟಲು ಕೆಳಗಿಡಬೇಕೆಂಬುದು ಅವಳಿಗೆ ಹೊಳೆಯಲಿಲ್ಲ.